ಹನ್ನೊಂದು ವರ್ಷದ ಹುಡುಗನಿಗೆ ಫುಲ್ ಟಿಕೆಟ್ ಯಾಕೆ?

ಓದುಗರ ಪ್ರಶ್ನೆಗಳಿಗೆ ಕಕ್ಕಬ್ಬೆ ಬಳಿ ಹೋಂಸ್ಟೇ ನಡೆಸುವ ನಮ್ಮ ಅಂಕಣಗಾರ್ತಿಯ ಉತ್ತರ

ಪ್ರಶ್ನೆ: ಅಕ್ಕ, ನಮಸ್ಕಾರ. ದಸರಾ ರಜೆಯಲ್ಲಿ ಮಕ್ಕಳನ್ನು ಹೊರರಾಜ್ಯದ ಒಂದು ಥೀಮ್ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದೆವು. ಮಗನಿಗೆ 11 ವರ್ಷ, ಸ್ವಲ್ಪ ಉದ್ದ ಬೆಳೆದಿದ್ದಾನೆ. ಕೌಂಟರ್ ಪಕ್ಕದ ಅಳತೆಪಟ್ಟಿಗೆ ನಿಲ್ಲಿಸಿ ನೋಡಿ, ‘ಇವನಿಗೆ ದೊಡ್ಡವರ ಟಿಕೆಟ್’ ಅಂದರು. ಆಧಾರ್ ತೋರಿಸಿದರೂ ಕೇಳಲಿಲ್ಲ. ಜೊತೆಗೆ ಬಂದಿದ್ದ ನಮ್ಮ ಭಾವನ ಮಗನಿಗೆ 13, ಆದರೆ ಕುಳ್ಳ. ಅವನು ಮಕ್ಕಳ ಟಿಕೆಟ್‌ನಲ್ಲೇ ಒಳಗೆ ಹೋದ! ಇದು ಯಾವ ನ್ಯಾಯ? ದೂರು ಕೊಡಬಹುದಾ?
– ಸೋಮವಾರಪೇಟೆಯ ಒಬ್ಬ ತಾಯಿ

ಉತ್ತರ: ದೂರು ನಿಲ್ಲುವುದು ಕಷ್ಟ, ಮೊದಲೇ ಹೇಳಿಬಿಡುತ್ತೇನೆ. ಖಾಸಗಿ ಪಾರ್ಕಿನ ಟಿಕೆಟ್‌ಗೆ ‘ಇಷ್ಟು ವಯಸ್ಸಿನವರೆಗೆ ಮಗು’ ಅಂತ ಕಟ್ಟಿಹಾಕುವ ಕಾನೂನು ನಮ್ಮಲ್ಲಿಲ್ಲ. ಬೋರ್ಡಿನಲ್ಲಿ ಮೊದಲೇ ಬರೆದು ಹಾಕಿ, ಎಲ್ಲರಿಗೂ ಅದೇ ಅಳತೆ ಹಿಡಿದಿದ್ದರೆ ಅವರು ಕಾನೂನಿನೊಳಗೇ ಇದ್ದಾರೆ. ವೆಬ್‌ಸೈಟಿನಲ್ಲಿ ವಯಸ್ಸು ಅಂತ ಬರೆದು ಗೇಟಿನಲ್ಲಿ ಎತ್ತರ ಅಳೆದಿದ್ದರೆ ಮಾತ್ರ ಬೇರೆ ಮಾತು. ಹಾಗಾಗಿದ್ದರೆ ಬುಕಿಂಗ್ ಮಾಡಿದ ಪೇಜಿನ ಫೋಟೊ, ರಸೀದಿ ಎರಡೂ ಇಟ್ಟುಕೊಂಡು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಕೇಳುವುದಿಲ್ಲ.

ಇನ್ನು ನ್ಯಾಯದ ಮಾತು. ನಿಮ್ಮ ಮಗನನ್ನು ನಮ್ಮ ಕಡೆಯಿಂದ ಬೆಂಗಳೂರಿನವರೆಗೆ ಒಮ್ಮೆ ಕರೆದುಕೊಂಡು ಹೋಗೋಣ ಬನ್ನಿ. ಸೋಮವಾರಪೇಟೆಯಲ್ಲಿ ಕೆಂಪು ಬಸ್ ಹತ್ತಿದ ಕೂಡಲೇ ಅವನು ಹಾಫ್ ಟಿಕೆಟ್, ಯಾಕೆಂದರೆ 12 ಆಗಿಲ್ಲ. ಅವನಿಗೊಬ್ಬ ಅಕ್ಕನೋ ತಂಗಿಯೋ ಇದ್ದರೆ ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ಟೇ ಫ್ರೀ. ಮೈಸೂರು ಮೃಗಾಲಯದಲ್ಲಿ ಅವನು ಮಗು, ಅಲ್ಲಿ 5ರಿಂದ 12ರವರೆಗೆ ಮಕ್ಕಳ ದರ. ಅಲ್ಲಿಂದ ಅರಮನೆಗೆ ಹೋದರೆ 10 ದಾಟಿದ್ದಾನೆ, ಇನ್ನು ಪುಕ್ಕಟೆ ಇಲ್ಲ. ಆದರೆ 10ರಿಂದ 18ರವರಿಗೆ ಬೇರೆಯೇ ಒಂದು ಕಡಿಮೆ ದರ ಇಟ್ಟಿದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಪುರಾತತ್ವ ಇಲಾಖೆಯದು. ಅವರಲ್ಲಿ 15 ವರ್ಷದೊಳಗಿನವರಿಗೆ ದುಡ್ಡೇ ಇಲ್ಲ. ಬಿಡದಿ ಹತ್ತಿರ ವಂಡರ್‌ಲಾಗೆ ಬಂದರೆ ಅಲ್ಲಿ ವಯಸ್ಸನ್ನು ಯಾರೂ ಕೇಳುವುದಿಲ್ಲ. 85 ಸೆಂಟಿಮೀಟರ್‌ಗಿಂತ ಕುಳ್ಳಗಿದ್ದರೆ ಫ್ರೀ, 140ರವರೆಗೆ ಮಕ್ಕಳ ಟಿಕೆಟ್, ಅದಕ್ಕೂ ಮೇಲೆ ದೊಡ್ಡವರದು. ಒಂದೇ ರಸ್ತೆ, ಒಬ್ಬನೇ ಹುಡುಗ, ಅಷ್ಟು ದೂರ ಹೋಗುವಷ್ಟರಲ್ಲಿ ಅವನು ಎಷ್ಟು ಜನ ಆಗಿಬಿಟ್ಟ ನೋಡಿ!

ಹಾಗಾದರೆ 140 ಅಂತ ಯಾಕೆ? ಜೋರಾಗಿ ತಿರುಗುವ, ತಲೆಕೆಳಗು ಮಾಡುವ ರೈಡ್‌ಗಳಿಗೆ ಭುಜದ ಮೇಲೆ ಬಂದು ಕೂರುವ ಕಂಬಿ, ಬೆಲ್ಟು ಇರುತ್ತವೆ. ಅವು ಮೈಗೆ ಸರಿಯಾಗಿ ಹಿಡಿಯಬೇಕಾದರೆ ಇಷ್ಟು ಎತ್ತರ ಬೇಕು ಅಂತ ಲೆಕ್ಕ ಇರುತ್ತದೆ. ಆ ಎತ್ತರ ಇಲ್ಲದವರನ್ನು ಹತ್ತಿಸುವುದಿಲ್ಲ. ಅಂದರೆ ಗೆರೆ ದಾಟಿದವನಿಗೆ ಇಡೀ ಪಾರ್ಕ್ ತೆರೆದಿದೆ, ದಾಟದವನಿಗೆ ಅರ್ಧ ಪಾರ್ಕ್ ಮುಚ್ಚಿದೆ. ನಿಮ್ಮ ಭಾವನ ಮಗ ಕಡಿಮೆ ದುಡ್ಡು ಕೊಟ್ಟ ನಿಜ. ಆದರೆ ಅವನಿಗಿಂತ ಎರಡು ವರ್ಷ ಚಿಕ್ಕವನು ದೊಡ್ಡ ರೈಡ್ ಹತ್ತುವಾಗ ಅವನು ಕೆಳಗೆ ನಿಂತು ನೋಡಿರಬೇಕು, ಅಲ್ವಾ? ಅವನನ್ನು ಕೇಳಿ ನೋಡಿ, ಯಾರಿಗೆ ಅನ್ಯಾಯ ಆಯಿತು ಅಂತ ಅವನೇ ಹೇಳುತ್ತಾನೆ.

ನಿಮ್ಮ ಮಗ ‘ಉದ್ದ ಬೆಳೆದಿದ್ದಾನೆ’ ಅಂತ ಬರೆದಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ಪ್ರಕಾರ 11 ತುಂಬಿದ ಹುಡುಗರ ನಡುಮಟ್ಟದ ಎತ್ತರ 143 ಸೆಂಟಿಮೀಟರ್, ಹುಡುಗಿಯರದು 145. ನಮ್ಮ ಮಕ್ಕಳದು ಒಂದೆರಡು ಸೆಂಟಿಮೀಟರ್ ಕಡಿಮೆ ಅಂತಲೇ ಇಟ್ಟುಕೊಳ್ಳಿ. ಆದರೂ 140ರ ಗೆರೆ ಇರುವ ಕಡೆ ಐದನೇ ಕ್ಲಾಸು, ಆರನೇ ಕ್ಲಾಸು ಅನ್ನುವಷ್ಟರಲ್ಲಿ ಬಹಳ ಮಕ್ಕಳು ದೊಡ್ಡವರ ಸಾಲಿಗೆ ಬಂದುಬಿಡುತ್ತಾರೆ. ಹೆಣ್ಣುಮಕ್ಕಳು ಒಂದು ಹೆಜ್ಜೆ ಮುಂಚೆಯೇ. ಇದು ನಿಮ್ಮ ಮಗನೊಬ್ಬನ ಕಥೆ ಅಲ್ಲ.

ಎತ್ತರದ ಬದಲು ವಯಸ್ಸು ನೋಡುವ ಕಡೆ ಸುಖ ಇದೆ ಅಂದುಕೊಳ್ಳಬೇಡಿ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ 3ರಿಂದ 9 ವರ್ಷದವರೆಗೆ ಮಾತ್ರ ಮಗು. 10 ತುಂಬಿತೋ, ಟಿಕೆಟ್ ಮಟ್ಟಿಗೆ ಅಪ್ಪನೂ ಮಗನೂ ಒಂದೇ. ಅಲ್ಲಿ ಮಕ್ಕಳ ಟಿಕೆಟ್ಟೂ ದೊಡ್ಡವರದಕ್ಕಿಂತ ಸ್ವಲ್ಪವೇ ಕಡಿಮೆ, ನಮ್ಮ ಹಾಫ್ ಟಿಕೆಟ್ ಹಾಗೆ ಅರ್ಧ ಅಲ್ಲ. ಮೇಲಾಗಿ ರೈಡ್ ಹತ್ತುವಾಗ ಮತ್ತೆ ಎತ್ತರ ನೋಡುತ್ತಾರೆ. ಹತ್ತು ವರ್ಷದ ಪುಟ್ಟ ದೇಹದ ಹುಡುಗಿಗೆ ಟಿಕೆಟ್ ಕೊಳ್ಳುವಾಗ ‘ನೀನು ದೊಡ್ಡವಳು’, ದೊಡ್ಡ ರೈಡ್ ಬಾಗಿಲಲ್ಲಿ ‘ನೀನು ಚಿಕ್ಕವಳು’ ಅಂತ ಹೇಳಿಸಿಕೊಳ್ಳುವ ಗತಿ ಬರಬಹುದು. ನನಗೆ ಸಿಟ್ಟು ಬರುವುದು ಇದಕ್ಕೆ. ದುಡ್ಡು ತೆಗೆದುಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ. ನಿಮ್ಮ ಪಾರ್ಕಿನವರು ಎರಡಕ್ಕೂ ಒಂದೇ ಪಟ್ಟಿ ಹಿಡಿದಿದ್ದಾರೆ. ಆ ಮಟ್ಟಿಗೆ ಅವರೇ ವಾಸಿ.

ಜಪಾನಿನಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ಟೋಕಿಯೊ ಡಿಸ್ನಿಲ್ಯಾಂಡ್‌ನಲ್ಲಿ 4ರಿಂದ 11 ಮಕ್ಕಳು, 12ರಿಂದ 17 ‘ಜೂನಿಯರ್’, 18 ಆದಮೇಲೆ ದೊಡ್ಡವರು. ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಶುರುವಾದ ಡಿಸ್ನಿಲ್ಯಾಂಡ್‌ನಲ್ಲೂ ಹಿಂದೆ 12ರಿಂದ 17ರವರಿಗೆ ಇಂಥದ್ದೇ ಜೂನಿಯರ್ ಟಿಕೆಟ್ ಇತ್ತು. ಈಗ ಅಲ್ಲಿಲ್ಲ. ಯಾಕೆ ತೆಗೆದರೋ, ಆದರೆ ವ್ಯಾಪಾರ ಮಾಡುವವಳಾಗಿ ನಾನು ಒಂದು ಊಹೆ ಮಾಡಬಲ್ಲೆ. ಎರಡು ವರ್ಷದ ಮಗುವನ್ನು ಕೇಳಿ ಯಾರೂ ಪಾರ್ಕ್‌ಗೆ ಹೊರಡುವುದಿಲ್ಲ. ‘ಅಮ್ಮಾ, ಕ್ಲಾಸಲ್ಲಿ ಎಲ್ಲರೂ ಹೋಗಿ ಬಂದಿದ್ದಾರೆ’ ಅಂತ ಪ್ರಾಣ ತಿನ್ನುವುದು ಹತ್ತರಿಂದ ಹದಿನಾಲ್ಕರ ಪಟಾಲಮ್ಮು. ಇಡೀ ಕುಟುಂಬ ಹೊರಡುವುದೇ ಅವರ ಕಾಟಕ್ಕೆ. ಅವರಿಗೆ ರಿಯಾಯಿತಿ ಕೊಡದಿದ್ದರೂ ಅಪ್ಪ ಅಮ್ಮ ಬಂದೇ ಬರುತ್ತಾರೆ ಅಂತ ಗೊತ್ತಿರುವವರು ಸುಮ್ನೆ ಯಾಕೆ ಕೊಟ್ಟಾರು?

ನನ್ನನ್ನು ಕೇಳಿದರೆ ನಿಜವಾದ ಅನ್ಯಾಯ ಆಗುವುದು ಹುಡುಗನಿಗಲ್ಲ, ಅವನ ಅಜ್ಜಿಗೆ. ಒಂದೂ ರೈಡ್ ಹತ್ತದೆ, ಎಲ್ಲರ ಬ್ಯಾಗು, ಚಪ್ಪಲಿ, ಒದ್ದೆ ಟವೆಲ್ ಕಾಯುತ್ತ ಸಂಜೆವರೆಗೆ ಮರದ ಕೆಳಗೆ ಕೂರುವ ಅಜ್ಜಿಗೂ ಟಿಕೆಟ್ ತೆಗೆಯಬೇಕು. ಹಿರಿಯರಿಗೆ ರಿಯಾಯಿತಿ ಕೊಡುವ ಪಾರ್ಕ್‌ಗಳಿವೆ, ಆದರೆ ಕೇಳದೆ ಯಾರೂ ಕೊಡುವುದಿಲ್ಲ. ಮುಂದಿನ ಸಲ ಅವರ ಆಧಾರ್ ಜೊತೆಗಿರಲಿ. ಮಗನ ಶಾಲೆಯ ಐಡಿ ಕಾರ್ಡೂ ಇರಲಿ, ವಿದ್ಯಾರ್ಥಿಗಳಿಗೆ ಅಂತ ಬೇರೆ ದರ ಇದ್ದರೆ ಎತ್ತರದ ಪೆಟ್ಟು ಅಲ್ಲಿ ಸ್ವಲ್ಪ ಕಡಿಮೆ ಆಗಬಹುದು. ಹೊರಡುವ ಮುಂಚೆ ಬಾಗಿಲ ಕಟ್ಟಿಗೆ ನಿಲ್ಲಿಸಿ ಟೇಪಿನಲ್ಲಿ ಅಳೆದುಬಿಡಿ, ಬೂಟು ಬಿಚ್ಚಿಸಿ.

ಪ್ರಶ್ನೆ: ವಯಸ್ಸು ಒಂದೆರಡು ವರ್ಷ ಕಡಿಮೆ ಹೇಳಿದರೆ ಏನಾಗುತ್ತದೆ ಅಕ್ಕ? ನಮ್ಮ ಅತ್ತೆಗೆ ಅದೇ ಚಾಳಿ.
– ಕುಶಾಲನಗರದ ಸೊಸೆ

ಉತ್ತರ: ಏನೂ ಆಗುವುದಿಲ್ಲ, ಮಗು ಬಾಯಿ ಬಿಡುವವರೆಗೆ. ‘ನಂಗೆ ಎಂಟಲ್ಲ ಅಜ್ಜೀ, ಹತ್ತು!’ ಅಂತ ಕೌಂಟರ್ ಎದುರೇ ಕೂಗುವ ಮಕ್ಕಳಿದ್ದಾರೆ. ಆ ವಯಸ್ಸಿನವರಿಗೆ ತಾವು ದೊಡ್ಡವರು ಅಂತ ತೋರಿಸಿಕೊಳ್ಳುವುದು ನಿಮ್ಮ ನೂರಿನ್ನೂರು ರೂಪಾಯಿಗಿಂತ ಮುಖ್ಯ. ಎತ್ತರ ನೋಡುವ ಕಡೆ ಮೊಣಕಾಲು ಬಗ್ಗಿಸಿ ನಿಲ್ಲಿಸಿದರೂ ಒಳಗೆ ಪ್ರತಿ ರೈಡಿನ ಬಾಗಿಲಲ್ಲಿ ಇನ್ನೊಂದು ಪಟ್ಟಿ ಇರುತ್ತದೆ. ಅಲ್ಲಿ ಉದ್ದ ನಿಂತರೆ ಕೈಗೆ ಕಟ್ಟಿದ ಮಕ್ಕಳ ಪಟ್ಟಿ ನೋಡಿ ವಾಪಸ್ ಕಳಿಸಬಹುದು, ಬಗ್ಗಿ ನಿಂತರೆ ರೈಡ್ ಇಲ್ಲ. ಅತ್ತೆಗೆ ನೀವು ಹೇಳಬೇಡಿ, ಈ ಪುಟ ತೆರೆದು ಟೇಬಲ್ ಮೇಲೆ ಇಡಿ ಸಾಕು.

ಪ್ರಶ್ನೆ: ಮೇಡಂ, ನೀವು ಪಾರ್ಕಿನವರ ಬಗ್ಗೆ ಬರೆಯುವಾಗ ನಿಮ್ಮ ಕೊಡಗಿನವರ ಬಗ್ಗೆಯೂ ಬರೆಯಿರಿ. ಮಡಿಕೇರಿ ಕಡೆಯ ಒಂದು ಹೋಂಸ್ಟೇಗೆ ಬಂದಿದ್ದೆವು. ತಲೆಗೆ ಇಷ್ಟು ಅಂತ ರೇಟು. 11 ವರ್ಷದ ಮಗಳಿಗೂ ಪೂರ್ತಿ ದುಡ್ಡು ಹಿಡಿದರು, ಅದೂ ಹೊರಡುವ ದಿನ ಬಿಲ್ ಕೊಡುವಾಗ! ಅವಳು ಮಲಗಿದ್ದು ನಮ್ಮ ಮಂಚದಲ್ಲೇ.
– ಮೈಸೂರಿನ ಓದುಗರು

ಉತ್ತರ: ಬರೆಯುತ್ತೇನೆ ಸ್ವಾಮಿ. ಇದು ನಮ್ಮ ಮನೆ ಮಾತು, ಹಾಗಾಗಿ ಜಾಸ್ತಿ ಜೋರಾಗಿಯೇ ಹೇಳಬೇಕು.

ಮೊದಲು ನಮ್ಮ ಕಷ್ಟ ಕೇಳಿ. ಪಾರ್ಕಿನಲ್ಲಿ ಒಬ್ಬ ಹುಡುಗ ಜಾಸ್ತಿ ಬಂದರೆ ಯಂತ್ರಕ್ಕೆ ಏನೂ ಭಾರ ಆಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಹನ್ನೆರಡು ಹದಿಮೂರರ ಹುಡುಗರು ಊಟಕ್ಕೆ ಕೂತರೆ ನೋಡಬೇಕು. ಅವರ ಅಪ್ಪ ಡಯಟ್ ಅಂತ ಎರಡು ಕಡಂಬುಟ್ಟಿಗೆ ಕೈ ತೊಳೆಯುತ್ತಾನೆ, ಮಗ ಪಂದಿಕರಿ ಜೊತೆ ಎಂಟನ್ನು ಇಳಿಸಿ ‘ಆಂಟಿ, ಇನ್ನೂ ಇದೆಯಾ?’ ಅಂತ ಅಡುಗೆಮನೆಗೇ ಬರುತ್ತಾನೆ. ಬೆಳಿಗ್ಗೆ ಅಕ್ಕಿ ರೊಟ್ಟಿಗೂ ಅದೇ ಕಥೆ. ಹಂಡೆ ಬಿಸಿನೀರು ಖಾಲಿ ಮಾಡುವುದೂ ಅವನೇ. ಅವನಿಗೆ ಅರ್ಧ ರೇಟು ಹಾಕಿದರೆ ನಷ್ಟ ನಮಗೆ, ಅದನ್ನು ಯಾರಾದರೂ ಒಪ್ಪುತ್ತಾರೆ. ಆದರೆ ನಿಮ್ಮ ಮಗಳು ಬೇರೆ ಹಾಸಿಗೆ ಕೇಳಲಿಲ್ಲ, ನಿಮ್ಮ ಜೊತೆಗೇ ಮಲಗಿದಳು. ಅಂಥವರಿಗೆ ಊಟದ ದುಡ್ಡು ತೆಗೆದುಕೊಳ್ಳಬೇಕು, ಮಂಚದ ದುಡ್ಡಲ್ಲ.

ಈ ವಿಷಯದಲ್ಲಿ ರೈಲಿನವರ ಲೆಕ್ಕ ನನಗೆ ಇಷ್ಟ. ನಮ್ಮ ಜಿಲ್ಲೆಗೆ ರೈಲೇ ಬಂದಿಲ್ಲ, ಅದು ಬೇರೆ ವಿಷಯ, ಮೈಸೂರಿಗೇ ಹೋಗಿ ಹತ್ತಬೇಕು. ಮೊದಲೆಲ್ಲ 5ರಿಂದ 12 ವರ್ಷದೊಳಗಿನ ಮಕ್ಕಳಿಗೆ ಅರ್ಧ ದುಡ್ಡಿಗೆ ಪೂರ್ತಿ ಬರ್ತ್ ಸಿಗುತ್ತಿತ್ತು. 2016ರ ಏಪ್ರಿಲ್‌ನಿಂದ ಅದು ಬದಲಾಯಿತು. ಬರ್ತ್ ಬೇಕೆಂದರೆ ಪೂರ್ತಿ ದರ, ಬರ್ತ್ ಬೇಡ, ಅಮ್ಮನ ಪಕ್ಕದಲ್ಲೇ ಇರುತ್ತದೆ ಅಂದರೆ ಅರ್ಧ. ಆಗ ಬಹಳ ಜನ ಬೈದರು. ನನಗೇನೋ ಅದು ಸರಿ ಅನ್ನಿಸಿತು. ಮಗುವಿಗೆ ಎಷ್ಟು ವರ್ಷ ಅನ್ನುವುದಕ್ಕಿಂತ ಅದು ಎಷ್ಟು ಜಾಗ ಹಿಡಿಯಿತು ಅಂತ ಕೇಳುವ ಲೆಕ್ಕ ಅದು. ಮಾಂದಲ್‌ಪಟ್ಟಿಗೆ ಹೋಗುವ ಜೀಪಿನವರನ್ನು ನೋಡಿ, ಅವರದು ಇಡೀ ಜೀಪಿಗೆ ಇಷ್ಟು ಅಂತ. ಒಳಗೆ ಅಜ್ಜ ಕೂರಲಿ, ಮೊಮ್ಮಗ ಕೂರಲಿ, ಯಾರ ಆಧಾರೂ ಬೇಡ. ಜಗಳವೇ ಇಲ್ಲ.

ನಮ್ಮಲ್ಲಿ ನಾನು ಇಟ್ಟಿರುವುದು ಹೀಗೆ. 6ರೊಳಗೆ ಫ್ರೀ. 6ರಿಂದ 12, ಅಪ್ಪ ಅಮ್ಮನ ಜೊತೆ ಮಲಗಿದರೆ ಅರ್ಧ. ಬೇರೆ ಹಾಸಿಗೆ ಹಾಕಬೇಕಾದರೆ ಅದಕ್ಕೆ ಸ್ವಲ್ಪ ಸೇರುತ್ತದೆ. 12 ದಾಟಿದ ಶಾಲೆ ಮಕ್ಕಳಿಗೆ ಮುಕ್ಕಾಲು. ಪೂರ್ತಿ ಹಾಕುವುದು ಕಾಲೇಜಿಗೆ ಹೋಗುವವರಿಗೆ. ನಷ್ಟ ಆಗುವುದಿಲ್ಲವಾ ಅಂತ ನಮ್ಮ ಯಜಮಾನರು ಕೇಳುತ್ತಲೇ ಇರುತ್ತಾರೆ. ಎಂಟು ಕಡಂಬುಟ್ಟಿನವನು ಬಂದ ದಿನ ಆಗುತ್ತದೆ. ಊಟದಲ್ಲಿ ಹಕ್ಕಿ ಹಾಗೆ ಕೊಕ್ಕಿಟ್ಟು ಎದ್ದುಹೋಗುವ ಹುಡುಗಿಯರು ಬಂದ ದಿನ ಸರಿಹೋಗುತ್ತದೆ.

ಆದರೆ ರೇಟು ಎಷ್ಟೇ ಇರಲಿ, ಅದನ್ನು ಫೋನಿನಲ್ಲೇ ಹೇಳಬೇಕು, ವಾಟ್ಸಾಪ್‌ನಲ್ಲಿ ಬರೆದು ಕಳಿಸಬೇಕು. ಹೊರಡುವ ಹೊತ್ತಿಗೆ, ಸಾಮಾನು ಕಾರಿಗೆ ತುಂಬಿದ ಮೇಲೆ, ‘ಮಗಳಿಗೂ ಫುಲ್’ ಅನ್ನುವುದು ವ್ಯಾಪಾರ ಅಲ್ಲ. ಅಷ್ಟು ದೂರ ಬಂದವರು ಜಗಳ ಆಡಲಾರರು ಅಂತ ಗೊತ್ತಿದ್ದೇ ಹಾಗೆ ಮಾಡುತ್ತಾರೆ. ನೀವು ಬುಕ್ ಮಾಡುವಾಗ ಮಗಳ ವಯಸ್ಸು ಹೇಳಿದ್ದ ಮೆಸೇಜ್ ಉಳಿದಿದ್ದರೆ, ಅದನ್ನೇ ಅವರಿಗೆ ಮತ್ತೆ ಕಳಿಸಿ ಹೆಚ್ಚಿಗೆ ಹಿಡಿದ ದುಡ್ಡು ವಾಪಸ್ ಕೇಳಿ. ಕೊಡದಿದ್ದರೆ ಮೇಲೆ ಸೋಮವಾರಪೇಟೆಯ ಅಮ್ಮನಿಗೆ ಕೊಟ್ಟ 1915 ನಂಬರ್ ನಿಮಗೂ ಆಗುತ್ತದೆ. ಅವರಿಗಿಂತ ನಿಮ್ಮ ಕೇಸು ಗಟ್ಟಿ.

ಮುಂದಿನ ಸಲ ಬುಕ್ ಮಾಡುವಾಗ ಮೂರೇ ಪ್ರಶ್ನೆ ಕೇಳಿ. ಎಷ್ಟು ವಯಸ್ಸಿಗೆ ಎಷ್ಟು ರೇಟು, ಅದರಲ್ಲಿ ಎಷ್ಟು ಹೊತ್ತಿನ ಊಟ ಸೇರಿದೆ, ಬೇರೆ ಹಾಸಿಗೆಗೆ ಎಷ್ಟು. ಉತ್ತರ ಕೊಡಲು ತಡವರಿಸಿದರೆ ಬೇರೆ ಮನೆ ನೋಡಿ. ಕೊಡಗಿನಲ್ಲಿ ಹೋಂಸ್ಟೇಗೇನು ಬರವೇ?