ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಏನು ಮಾಡೋದು?

ಎಂಟು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿದ್ದೆ ಅಂತ ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ, ಅಷ್ಟೇ. ಪತ್ರಗಳು ಬಂದವು ನೋಡಿ! ಅರ್ಧಕ್ಕರ್ಧ ಜನ ರಜೆಯಲ್ಲಿದ್ದಾರೆ, ಉಳಿದರ್ಧ ಯಾವಾಗ ಸಿಗುತ್ತದೋ ಅಂತ ಕಾಯುತ್ತಿದ್ದಾರೆ. ಅದಕ್ಕೇ ಈ ಸಲ ಪೂರ್ತಿ ಅದೇ ವಿಷಯ. ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಹದಿನಾಲ್ಕು ವರ್ಷ ದುಡಿದ ಮೇಲೆ ಆರು ತಿಂಗಳ ರಜೆ ಸಿಕ್ಕಿದೆ. ರಾಜ್ಯದ 31 ಜಿಲ್ಲೆಗಳನ್ನೂ ನೋಡಿ ಮುಗಿಸಬೇಕು ಅಂತ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದ್ದೇನೆ. ಹೆಂಡತಿ ನೋಡಿ ನಗುತ್ತಾಳೆ. ಪಟ್ಟಿ ಕಳಿಸಿದ್ದೇನೆ, ಸರಿ ಇದೆಯಾ ಹೇಳಿ. (ದಾವಣಗೆರೆಯವರು, ಈಗ ಬೆಂಗಳೂರು)

ಉತ್ತರ: ನಿಮ್ಮ ಪಟ್ಟಿ ನೋಡಿ ನಾನೂ ನಕ್ಕೆ, ಬೇಜಾರು ಮಾಡ್ಕೋಬೇಡಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ನಾಲ್ಕೂ ಒಂದೇ ದಿನ, ಸಂಜೆ ವಿಜಯಪುರದಲ್ಲಿ ಗೋಳಗುಮ್ಮಟ ಅಂತ ಬರೆದಿದ್ದೀರಿ. ಆಡಿಟ್‌ಗೆ ಬಂದ ಅಧಿಕಾರಿ ಕೂಡ ಮಧ್ಯೆ ಊಟಕ್ಕೆ ಕೂರುತ್ತಾನೆ. ನಿಮ್ಮ ಪಟ್ಟಿಯಲ್ಲಿ ಊಟದ ಕಾಲಮ್ಮೇ ಇಲ್ಲ!

ಬಾದಾಮಿಗೆ ನಾನು ಎರಡು ದಿನ ಅಂತ ಹೋಗಿ ಒಂಬತ್ತು ದಿನ ಉಳಿದೆ. ಮೊದಲ ದಿನ ಎಲ್ಲರ ಹಾಗೆ ನಾಲ್ಕು ಗುಹೆ ಹತ್ತಿ ಇಳಿದು, ಫೋಟೋ ತೆಗೆದು, ಕೈಯಲ್ಲಿದ್ದ ಬಾಳೆಹಣ್ಣು ಕೋತಿಗೆ ಒಪ್ಪಿಸಿ ಬಂದೆ. ರಾತ್ರಿ ಫೋನಿನಲ್ಲಿ ನೋಡಿದರೆ ಯಾವ ಫೋಟೋ ಯಾವ ಗುಹೆಯದು ಅಂತಲೇ ಗೊತ್ತಾಗಲಿಲ್ಲ. ಮೂರನೇ ದಿನ ಮತ್ತೆ ಟಿಕೆಟ್ ತೆಗೆದುಕೊಂಡು ಹೋಗಿ ಮೂರನೇ ಗುಹೆಯಲ್ಲಿ ಸುಮ್ನೆ ಕೂತೆ. ಚಾಲುಕ್ಯರ ಮಂಗಲೇಶ ಬರೆಸಿದ ಶಾಸನ ಇರುವುದು ಅಲ್ಲೇ, ಕ್ರಿ.ಶ. 578ರದು. ಕಂಬಗಳ ಮೇಲ್ಭಾಗದಲ್ಲಿ ಮರದ ಕೆಳಗೆ ನಿಂತ ಜೋಡಿಗಳಿವೆ. ಮೊದಲ ದಿನ ಅವು ನನ್ನ ಕಣ್ಣಿಗೇ ಬಿದ್ದಿರಲಿಲ್ಲ, ಯಾಕೆಂದರೆ ಕತ್ತೆತ್ತಿ ನೋಡಲು ಪುರುಸೊತ್ತು ಇರಲಿಲ್ಲ.

ಬೆಳಿಗ್ಗೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಾರೆ. ಒಗೆತದ ಸದ್ದು ಕೆಂಪು ಬಂಡೆಗೆ ಬಡಿದು ವಾಪಸ್ ಬರುತ್ತದೆ, ಒಬ್ಬರು ಒಗೆದರೆ ಇಬ್ಬರು ಒಗೆದ ಹಾಗೆ ಕೇಳುತ್ತದೆ. ಮಧ್ಯಾಹ್ನ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿ, ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯರ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು. ಒಬ್ಬ ಅಜ್ಜಿ ನಾಲ್ಕನೇ ದಿನಕ್ಕೆ 'ಇನ್ನೂ ಹೋಗಿಲ್ಲೇನ ನೀನು' ಅಂತ ಕೇಳಿ ಒಂದು ರೊಟ್ಟಿ ಜಾಸ್ತಿ ಹಾಕಿದರು. ಒಂದು ದಿನ ಗುಳೇದಗುಡ್ಡಕ್ಕೆ ಹೋಗಿ ಖಣ ನೇಯುವುದನ್ನು ನೋಡಿದೆ. ಐಹೊಳೆಯ ದುರ್ಗಾ ಗುಡಿಗೂ ದುರ್ಗೆಗೂ ಸಂಬಂಧವಿಲ್ಲ, ಕೋಟೆ ಅನ್ನುವ ಅರ್ಥದ 'ದುರ್ಗ'ದಿಂದ ಆ ಹೆಸರು ಬಂತು ಅನ್ನೋದನ್ನು ತಿಳಿದುಕೊಂಡೆ. ಎಲ್ಲವೂ ಒಂದೊಂದು ದಿನಕ್ಕೆ ಒಂದೊಂದು.

ಆದ್ದರಿಂದ ಪಟ್ಟಿಯಲ್ಲಿ ಆರು ಊರು ಇಟ್ಟುಕೊಂಡು ಮಿಕ್ಕಿದ್ದನ್ನು ಅಳಿಸಿ. ಒಂದೊಂದಕ್ಕೆ ಒಂದು ವಾರ, ನಡುನಡುವೆ ಮನೆ. ಬೀದರ್ ಮಾತ್ರ ಬಿಡಬೇಡಿ, ಬೆಂಗಳೂರಿನವರು ದೂರ ಅಂತ ಅದನ್ನೇ ಮೊದಲು ಬಿಡುತ್ತಾರೆ. ಅಲ್ಲಿ ಮಹಮೂದ್ ಗವಾನನ ಮದರಸಾ ಇದೆ, 15ನೇ ಶತಮಾನದ್ದು, ಅರ್ಧ ಒಡೆದು ಹೋಗಿದ್ದರೂ ಉಳಿದ ಮಿನಾರಿನ ಬಣ್ಣದ ಹಂಚು ಇನ್ನೂ ಹೊಳೆಯುತ್ತದೆ. ಬಿದರಿ ಕೆಲಸ ಮಾಡುವವರ ಅಂಗಡಿಯಲ್ಲಿ ಒಂದು ಗಂಟೆ ಕೂತುಕೊಳ್ಳಿ. ಸತು ಮತ್ತು ತಾಮ್ರದ ಪಾತ್ರೆಗೆ ಬೆಳ್ಳಿ ತಂತಿ ಕೂರಿಸಿ ಕೊನೆಗೆ ಕೋಟೆಯ ಮಣ್ಣಿನ ದ್ರಾವಣದಲ್ಲಿ ಅದ್ದುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೇರೆ ಮಣ್ಣಿಗೆ ಆ ಕಪ್ಪು ಬರೋದಿಲ್ಲ ಅಂತ ಅವರು ಖಂಡಿತ ಹೇಳುತ್ತಾರೆ.

ನನ್ನ ಲೆಕ್ಕ ಕೇಳಿದರೆ, ಸುಮಾರು 240 ದಿನಗಳಲ್ಲಿ ನಾನು ಊರ ಹೊರಗೆ ಇದ್ದದ್ದು 61 ದಿನ. ಮಿಕ್ಕಿದ್ದೆಲ್ಲ ಮನೆಯಲ್ಲೇ. ಅದರ ಬಗ್ಗೆ ಯಾರೂ ಎಕ್ಸೆಲ್ ಮಾಡೋದಿಲ್ಲ.

ಪ್ರಶ್ನೆ: ಸ್ವಯಂ ನಿವೃತ್ತಿ ತಗೊಂಡಿದ್ದೇನೆ, 53 ವರ್ಷ. ಒಬ್ಬಳೇ ತಿರುಗಾಡಬೇಕು ಅಂತ ಆಸೆ. ಮಗ ಕಾರು ಮಾಡಿಕೊಡುತ್ತೇನೆ ಅಂತಾನೆ, ನನಗೆ ಬಸ್ಸೇ ಇಷ್ಟ. ಉಳಿಯೋದು ಎಲ್ಲಿ, ಹೇಗೆ? (ಶಿವಮೊಗ್ಗ)

ಉತ್ತರ: ಬಸ್ಸೇ ಸರಿ. ಕಾರಿನಲ್ಲಿ ಹೋದರೆ ಡ್ರೈವರಿಗೆ ಊಟ ಆಯ್ತಾ, ನಿದ್ದೆ ಆಯ್ತಾ ಅಂತ ವಿಚಾರಿಸೋದೇ ಕೆಲಸ ಆಗುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದು ನಿಮಗೆ ಗೊತ್ತೇ ಇರುತ್ತದೆ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಾತ್ರ ಉಚಿತ. ರಾಜಹಂಸ, ಎಸಿ, ಸ್ಲೀಪರ್‌ಗಳಿಗೆ ದುಡ್ಡು ಕೊಡಬೇಕು. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ಮತ್ತೆ ಶೂನ್ಯ ಟಿಕೆಟ್ ಕೇಳಿ ತೆಗೆದುಕೊಳ್ಳಿ, ಬಿಟ್ಟಿ ಅಲ್ವಾ ಅಂತ ಸುಮ್ಮನೆ ಕೂರಬೇಡಿ. ಉದ್ದದ ದಾರಿಯನ್ನು ತುಂಡು ಮಾಡಿ, ಮೂರು ಗಂಟೆಗಿಂತ ಜಾಸ್ತಿ ಒಂದೇ ಬಸ್ಸಿನಲ್ಲಿ ಕೂರಬೇಡಿ. ನಮ್ಮ ವಯಸ್ಸಿನಲ್ಲಿ ದಾರಿಯ ಯೋಜನೆ ಮಾಡುವುದು ಸೊಂಟ, ನಾವಲ್ಲ. ಹಬ್ಬದ ಹಿಂದುಮುಂದಿನ ದಿನ, ಭಾನುವಾರ ಸಂಜೆ ಹೊರಡಲೇಬೇಡಿ, ನಿಲ್ಲೋಕೂ ಜಾಗ ಸಿಗೋದಿಲ್ಲ.

ಉಳಿಯುವ ವಿಷಯ ನಿಜವಾಗಲೂ ಕಿರಿಕಿರಿ. ಉತ್ತರದ ಒಂದು ಊರಿನಲ್ಲಿ ಲಾಡ್ಜಿನವನು 'ಜೊತೆಗೆ ಯಾರೂ ಇಲ್ವಾ' ಅಂತ ಮೂರು ಸಲ ಕೇಳಿ, ಕೊನೆಗೆ ರೂಮಿಲ್ಲ ಅಂದ. ಅವನ ತಲೆಯ ಹಿಂದೆ ಗೋಡೆಯ ಮೇಲೆ ಹನ್ನೆರಡು ಕೀಲಿ ನೇತಾಡುತ್ತಿದ್ದವು, ಎಣಿಸಿದ್ದೇನೆ. ಆಮೇಲಿಂದ ಮೊದಲೇ ಫೋನ್ ಮಾಡಿ 'ಒಬ್ಬಳೇ ಹೆಂಗಸು, ರೂಮು ಕೊಡ್ತೀರಾ' ಅಂತ ನೇರವಾಗಿ ಕೇಳುವುದು ರೂಢಿಯಾಯಿತು. ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳಲ್ಲಿ ನನ್ನನ್ನು ಯಾರೂ ಆ ಪ್ರಶ್ನೆ ಕೇಳಲಿಲ್ಲ: ಬಾದಾಮಿಯಲ್ಲಿ ಮಯೂರ ಚಾಲುಕ್ಯ, ಹಂಪಿಗೆ ಹೋದರೆ ಕಮಲಾಪುರದಲ್ಲಿ ಮಯೂರ ಭುವನೇಶ್ವರಿ, ಬೇಲೂರಿನಲ್ಲಿ ಮಯೂರ ವೇಲಾಪುರಿ. ರೈಲಿನಲ್ಲಿ ಹೋದರೆ ದೊಡ್ಡ ನಿಲ್ದಾಣಗಳ ವಿಶ್ರಾಂತಿ ಕೊಠಡಿಯನ್ನು ಟಿಕೆಟ್ಟಿನ ಪಿಎನ್‌ಆರ್ ಕೊಟ್ಟು ಆನ್‌ಲೈನ್‌ನಲ್ಲೇ ಹಿಡಿಯಬಹುದು.

ಮೊದಲ ಸಲಕ್ಕೆ ದೂರ ಹೋಗಬೇಡಿ. ಕೂಡ್ಲಿಗೆ ಹೋಗಿ ಬನ್ನಿ, ನಿಮ್ಮ ಪಕ್ಕದಲ್ಲೇ ಇದೆ. ತುಂಗೆ ಭದ್ರೆ ಸೇರುವ ಜಾಗದಲ್ಲಿ ಚಕ್ಕುಲಿ ತಿನ್ನುತ್ತಾ ಕೂತು ಸಂಜೆಯೊಳಗೆ ಮನೆ ಸೇರಿ. ಆಮೇಲೆ ಶೃಂಗೇರಿ, ಒಂದು ರಾತ್ರಿ. ಮಗನಿಗೆ ಹೇಳಿ, ದಿನಕ್ಕೆ ಒಂದೇ ಫೋನು ಅಂತ.

ಪ್ರಶ್ನೆ: ಕೆಲಸ ಬಿಟ್ಟು ಮೂರು ತಿಂಗಳು ಮನೆಯಲ್ಲಿದ್ದೇನೆ, 29 ವರ್ಷ. 'ಖಾಲಿ ಕುಂತೀಯಲ್ಲ' ಅಂತ ಎಲ್ಲರೂ ಕೆಲಸ ಹೇಳ್ತಾರೆ: ಬ್ಯಾಂಕು, ಗ್ಯಾಸು, ಚಿಕ್ಕಪ್ಪನ ಕಣ್ಣಿನ ಡಾಕ್ಟರು. ಅದು ಬಿಟ್ಟರೆ ಹೊತ್ತೇ ಹೋಗೋದಿಲ್ಲ. (ಹುಬ್ಬಳ್ಳಿ)

ಉತ್ತರ: ರಜೆಯಲ್ಲಿರುವವರು ಇಡೀ ವಂಶಕ್ಕೆ ಪ್ಯೂನ್. ಇದು ನನಗೂ ಆಯಿತು. ವಾರಕ್ಕೆ ಎರಡು ದಿನ, ಬುಧವಾರ ಶನಿವಾರ, ಬೆಳಿಗ್ಗೆ ಹೊತ್ತು ಎಲ್ಲರ ಕೆಲಸ ಮಾಡಿಕೊಡುತ್ತೇನೆ ಅಂತ ಹೇಳಿಬಿಡಿ. ನಮ್ಮ ಮನೆಯಲ್ಲಿ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದೆ, ಬೇಕಾದವರು ಬರೆಯಬಹುದು ಅಂತ. ಬರೆಯಬೇಕು ಅಂದ ಕೂಡಲೇ ಅರ್ಧ ಕೆಲಸಗಳು ಮಾಯವಾದವು.

ಹೊತ್ತು ಹೋಗದಿರುವುದು ಬೇರೆ ವಿಷಯ, ಅದಕ್ಕೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಎಂಟು ತಿಂಗಳಲ್ಲಿ ನನ್ನನ್ನು ತುಂಬಾ ಕಾಡಿದ್ದು ಮಂಗಳವಾರ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಹೇಗೋ ಕಳೆಯುತ್ತದೆ, ಹಾಲು, ಕಾಫಿ, ಪೇಪರು, ತಿಂಡಿ. ಸಂಜೆ ಯಾರಾದರೂ ಬರುತ್ತಾರೆ. ಮೂರು ಗಂಟೆಗೆ ಬೀದಿಯ ನಾಯಿಯೂ ಮಲಗಿರುತ್ತದೆ. ಫೋನ್ ತೆಗೆದರೆ ಆಫೀಸಿನ ಗುಂಪಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು. ನಾನಿಲ್ಲದೆ ಎಲ್ಲ ನಡೀತಿದೆ, ಚೆನ್ನಾಗೇ ನಡೀತಿದೆ. ಹೊಟ್ಟೆಯಲ್ಲಿ ಏನೋ ಒಂಥರಾ ಆಗುತ್ತದೆ ಅಲ್ವಾ? ಅದಕ್ಕೆ ಮದ್ದು ಅಂತ ಮೊದಲು ಕೋರ್ಸುಗಳಿಗೆ ದುಡ್ಡು ಸುರಿದೆ. ಚಿತ್ರಕಲೆ ಮೂರು ವಾರ, ಆನ್‌ಲೈನ್ ಸ್ಪ್ಯಾನಿಷ್ ಹತ್ತು ದಿನ.

ಆಮೇಲೆ ಡಿಸೆಂಬರ್ ಬಂತು, ಜೊತೆಗೆ ಸೊಗಡು ಅವರೆಕಾಯಿ. ಅಮ್ಮ ಮೊರ ಹಿಡಿದು ವರಾಂಡದಲ್ಲಿ ಕೂರುವುದು ಸರಿಯಾಗಿ ಮೂರು ಗಂಟೆಗೆ ಅಂತ ನನಗೆ ಗೊತ್ತಾಗಿದ್ದು ನಲವತ್ತಾರನೇ ವಯಸ್ಸಿನಲ್ಲಿ. ಪಕ್ಕದಲ್ಲಿ ಕೂತು ನಾನೂ ಬಿಡಿಸಿದೆ, ಮರುದಿನ ನೆನೆದ ಕಾಳು ಹಿದುಕಿದೆ. ಎರಡು ಕೆಜಿ ಕಾಯಿಯಿಂದ ಬರುವ ಬೇಳೆ ನೋಡಿದರೆ ಅಳು ಬರುತ್ತದೆ, ಅಷ್ಟು ಕಮ್ಮಿ. ಹಿದುಕುತ್ತಾ ಒಂದು ದಿನ ಅಮ್ಮ, ಮದುವೆಗೆ ಮುಂಚೆ ತಾನು ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದೆ, ಕೆಲಸದ ಕಾಗದವೂ ಬಂದಿತ್ತು, ತಾತ ಅದನ್ನು ತೋರಿಸಿದ್ದು ಮದುವೆ ಆದಮೇಲೆ ಅಂದರು. ನೀರಿಗೆ ಉಪ್ಪು ಹಾಕಿದ್ದೀಯಾ ಅಂತ ಕೇಳುವ ದನಿಯಲ್ಲೇ ಹೇಳಿದರು. ಆ ಮಾತು ವಾರಾಂತ್ಯದಲ್ಲಿ ಬರುತ್ತಿರಲಿಲ್ಲ. ವಾರಾಂತ್ಯದಲ್ಲಿ ನಾನು ಅವರನ್ನು ಮಾಲ್‌ಗೆ ಕರೆದುಕೊಂಡು ಹೋಗುತ್ತಿದ್ದೆ.

ನೀವು ಅವರೆಕಾಯಿ ಬಿಡಿಸಬೇಕಿಲ್ಲ. ಮೂರು ಗಂಟೆಗೆ ನಿಮ್ಮ ಮನೆಯಲ್ಲಿ ಯಾರು ಏನು ಮಾಡುತ್ತಿರುತ್ತಾರೆ ಅಂತ ಒಂದು ವಾರ ಗಮನಿಸಿ ನೋಡಿ. ಚಿಕ್ಕಪ್ಪನ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದನ್ನು ಮಾತ್ರ ಬಿಡಬೇಡಿ, ಅಲ್ಲಿ ಕಾಯುವ ಎರಡು ಗಂಟೆ ಅವರು ಬೇರೆ ಎಲ್ಲೂ ಆಡದ ಮಾತು ಆಡುತ್ತಾರೆ.

ಪ್ರಶ್ನೆ: ಕೆಲಸ ಬಿಟ್ಟ ಮಾರನೇ ದಿನವೇ ಲಡಾಖ್‌ಗೆ ಹೊರಟೆ, ಇಪ್ಪತ್ತು ದಿನ. ಎಲ್ಲರೂ ಸ್ವರ್ಗ ಅಂದರು, ನನಗೆ ಏನೂ ಅನಿಸಲಿಲ್ಲ. ನನಗೇನಾಗಿದೆ? (ಬೆಂಗಳೂರು)

ಉತ್ತರ: ನಿದ್ದೆ ಬಾಕಿ ಇದೆ, ಇನ್ನೇನಿಲ್ಲ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ, ವಿಮಾನ ಇಳಿದವರು ಒಂದೆರಡು ದಿನ ಸುಮ್ಮನೆ ಮಲಗಿರಬೇಕು ಅಂತಾರೆ. ನೀವು ವರ್ಷಗಟ್ಟಲೆ ಬಳಲಿ ಹೋದವರು. ನಾನು ರಜೆಯ ಮೊದಲ ತಿಂಗಳು ದಿನಕ್ಕೆ ಹತ್ತು ಗಂಟೆ ಮಲಗಿದೆ, ಆಗ ಸ್ವರ್ಗಕ್ಕೇ ಕರೆದುಕೊಂಡು ಹೋಗಿದ್ದರೂ ದಿಂಬು ಕೇಳುತ್ತಿದ್ದೆ.

ಪ್ರಶ್ನೆ: ಒಂದು ವರ್ಷ ಬಿಡುವು ತಗೋಬೇಕು ಅಂತಿದ್ದೇನೆ. ದುಡ್ಡಿನ ವಿಷಯದಲ್ಲಿ ಎಲ್ಲರೂ ಮರೆಯುವುದು ಏನು? (ಮೈಸೂರು)

ಉತ್ತರ: ಆರೋಗ್ಯ ವಿಮೆ. ಕೆಲಸ ಬಿಟ್ಟರೆ ಕಂಪನಿಯ ಗುಂಪು ವಿಮೆ ಅಲ್ಲಿಗೇ ನಿಲ್ಲುತ್ತದೆ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಸಾಮಾನ್ಯವಾಗಿ ಮೊದಲ 30 ದಿನ ಏನೂ ಸಿಗೋದಿಲ್ಲ. ಮೊದಲಿನಿಂದ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಆದ್ದರಿಂದ ರಾಜೀನಾಮೆ ಕೊಡುವ ಮುಂಚೆಯೇ ಗುಂಪು ವಿಮೆಯನ್ನು ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಲು ಅರ್ಜಿ ಹಾಕಿ, ಕಾಯುವ ಅವಧಿಯ ಲೆಕ್ಕ ಮುಂದುವರಿಯುತ್ತದಾ ಅಂತ ಬರಹದಲ್ಲಿ ಕೇಳಿ. ಇನ್ನೊಂದು, ಖರ್ಚಿನ ಲೆಕ್ಕ ಹಾಕುವಾಗ ಮದುವೆ ಗೃಹಪ್ರವೇಶಗಳನ್ನು ಸೇರಿಸಿ. ಮನೆಯಲ್ಲೇ ಇರುವವರು ಯಾವುದನ್ನೂ ತಪ್ಪಿಸೋಕೆ ಆಗೋದಿಲ್ಲ, ಮುಯ್ಯಿ ಕವರಿಗೇ ನನ್ನ ಬಜೆಟ್ ಹರಿದು ಹೋಯಿತು.

ಪ್ರಶ್ನೆ: ಮಳೆಗಾಲದಲ್ಲಿ ಸಕಲೇಶಪುರದ ಘಾಟಿಯ ರೈಲಿನಲ್ಲಿ ಹೋಗಬೇಕು ಅಂತ ಬಹಳ ವರ್ಷದ ಆಸೆ. (ಕಲಬುರಗಿ)

ಉತ್ತರ: ಹಗಲು ಹೋಗುವ ರೈಲನ್ನೇ ಹಿಡಿಯಿರಿ. ಎಷ್ಟೋ ಜನ ರಾತ್ರಿ ರೈಲು ಹತ್ತಿ ಘಾಟಿಯುದ್ದಕ್ಕೂ ಗೊರಕೆ ಹೊಡೆದು ಬರುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ. ರೈಲು ನಿಧಾನಕ್ಕೆ ಹೋಗುತ್ತದೆ, ಅದೇ ಚಂದ. ಗಾಜಿನ ವಿಸ್ಟಾಡೋಮ್ ಬೋಗಿಯೂ ಇದೆ, ನನಗಂತೂ ಮಳೆಯ ಹನಿ ಮುಖಕ್ಕೆ ಬೀಳುವ ಸಾದಾ ಬೋಗಿಯೇ ಇಷ್ಟ. ಜೋರು ಮಳೆಗೆ ಗುಡ್ಡ ಕುಸಿದು ರೈಲು ರದ್ದಾಗುವುದುಂಟು. ಹಾಗಾಗಿ ಕಲಬುರಗಿಯಿಂದ ಬರುವಾಗ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ.

ಪ್ರಶ್ನೆ: ಹತ್ತು ದಿನದಲ್ಲಿ ರಜೆ ಮುಗಿಯುತ್ತದೆ. ಕೊನೆಯದಾಗಿ ಎಲ್ಲಿಗಾದರೂ ಹೋಗಿ ಬರಲಾ? ಆಫೀಸು ನೆನೆಸಿಕೊಂಡರೆ ಸಂಕಟ. (ತುಮಕೂರು)

ಉತ್ತರ: ಎಲ್ಲಿಗೂ ಬೇಡ, ಟೈಲರ್ ಹತ್ತಿರ ಹೋಗಿ. ಇವತ್ತೇ. ಎಂಟು ತಿಂಗಳು ನೈಟಿ, ಸಡಿಲ ಕುರ್ತಾದಲ್ಲಿ ಕಳೆದು, ಹಿಂದಿನ ರಾತ್ರಿ ಆಫೀಸಿನ ಬ್ಲೌಸ್ ಹಾಕಿ ನೋಡಿದರೆ ಒಂದಕ್ಕೂ ಹುಕ್ಕು ಸೇರಲಿಲ್ಲ. ಮೊದಲ ದಿನ ಅಮ್ಮನ ಬ್ಲೌಸ್ ತೊಟ್ಟು ಸೆರಗನ್ನು ಹೆಗಲಿಗೆ ಹೊದ್ದುಕೊಂಡೇ ಕೂತಿದ್ದೆ. ಪಕ್ಕದ ಟೇಬಲಿನವರು 'ಏನ್ರೀ, ರಜೆ ಮುಗಿಸಿ ಬಂದು ತುಂಬಾ ಗಂಭೀರ ಆಗಿಬಿಟ್ಟಿದ್ದೀರಿ' ಅಂದರು.