ಹಿಮನದಿ ಕರಗಿದರೆ ನೀರು ಜಾಸ್ತಿ ಆಗಬೇಕಲ್ವಾ?

ಪ್ರಶ್ನೆ: ಹಿಮನದಿಗಳು ಕರಗುತ್ತಿವೆ, ಕೆಳಗಿನ ಊರುಗಳಿಗೆ ನೀರು ಸಾಲದಾಗುತ್ತದೆ ಎನ್ನುತ್ತಾರೆ. ಹಿಮ ಕರಗಿದರೆ ನದಿಗೆ ನೀರು ಹೆಚ್ಚಬೇಕು ತಾನೇ? ಎರಡರಲ್ಲಿ ಒಂದು ಸುಳ್ಳಿರಬೇಕು.

ಉತ್ತರ: ಎರಡೂ ನಿಜ. ಮೊದಲು ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ.

ಚಳಿಗಾಲದಲ್ಲಿ ಬಿದ್ದಷ್ಟೇ ಹಿಮ ಬೇಸಿಗೆಯಲ್ಲಿ ಕರಗಿದರೆ ಹಿಮನದಿ ಇದ್ದ ಹಾಗೇ ಇರುತ್ತದೆ. ಬಿದ್ದದ್ದಕ್ಕಿಂತ ಜಾಸ್ತಿ ಕರಗಿದರೆ, ಬಡ್ಡಿ ಸಾಲದೆ ಅಸಲಿಗೇ ಕೈ ಹಾಕಿದಂತೆ. ಕೆಲವು ವರ್ಷ ಖರ್ಚು ಜೋರಾಗಿಯೇ ನಡೆಯುತ್ತದೆ. ನದಿಯ ನೀರೂ ಹೀಗೆ ಏರುತ್ತಾ ಹೋಗಿ ಒಂದು ತುದಿ ಮುಟ್ಟುತ್ತದೆ. ಅದಕ್ಕೆ ‘ಪೀಕ್ ವಾಟರ್’ ಎನ್ನುತ್ತಾರೆ. ಅದು ದಾಟಿದ ಮೇಲೆ ಬಿಸಿಲು ಎಷ್ಟಿದ್ದರೇನು, ಕರಗಲು ಮಂಜುಗಡ್ಡೆಯೇ ಕಡಿಮೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಿಮನದಿಗಳಿರುವ ಜಗತ್ತಿನ 56 ದೊಡ್ಡ ನದಿ ಕಣಿವೆಗಳನ್ನು ನೋಡಿತ್ತು. ಸುಮಾರು ಅರ್ಧದಷ್ಟು ಕಣಿವೆಗಳು ಆಗಲೇ ಆ ತುದಿ ಮುಟ್ಟಿದ್ದವು.

ಪೆರು ದೇಶದ ಸಾಂತಾ ನದಿ ಒಳ್ಳೆಯ ಉದಾಹರಣೆ. ಕಾರ್ಡಿಲೆರಾ ಬ್ಲಾಂಕಾ ಬೆಟ್ಟಸಾಲಿನ ಹಿಮನದಿಗಳು ಅದಕ್ಕೆ ನೀರು ಕೊಡುತ್ತವೆ. ಅಲ್ಲಿ ಪರಿಶೀಲಿಸಿದ 9 ಕಿರುಕಣಿವೆಗಳ ಪೈಕಿ 7ರಲ್ಲಿ ಒಣಗಾಲದ ನೀರು ಇಳಿಮುಖವಾಗಿದೆ. ಆದರೆ ಅದೇ ನದಿಯನ್ನು ನಂಬಿ ಕೆಳಗೆ, ಕರಾವಳಿಯ ಮರುಭೂಮಿಯಲ್ಲಿ, ದೊಡ್ಡ ನೀರಾವರಿ ಎದ್ದು ನಿಂತಿದೆ!

ನದಿ ನೀರು ಅಳೆಯುವ ಕೆಲಸದಲ್ಲೇ ತಲೆ ಬೆಳ್ಳಗಾದವನು ನಾನು. ವರ್ಷದ ಒಟ್ಟು ಲೆಕ್ಕ ತೋರಿಸಿ ‘ಅಷ್ಟೇನೂ ಕಡಿಮೆಯಾಗಿಲ್ಲ’ ಎನ್ನುವವರನ್ನು ಕಂಡರೆ ರೇಗುತ್ತದೆ. ಮಳೆಯಿಲ್ಲದ ತಿಂಗಳ ಲೆಕ್ಕ ಕೊಡಿ ಸ್ವಾಮಿ. ಬೆಳೆ ಸರಾಸರಿ ನೀರು ಕುಡಿಯುವುದಿಲ್ಲ.

ಲಡಾಖ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಮಳೆ ಅಂದರೆ ಹೆಸರಿಗಷ್ಟೇ. ಬಿತ್ತನೆ ಏಪ್ರಿಲ್–ಮೇ ತಿಂಗಳಲ್ಲಿ. ಹಿಮನದಿಗಳು ಬೆಟ್ಟದ ಮೇಲೆ ಮೇಲಕ್ಕೆ ಸರಿದಿವೆ, ಅಷ್ಟು ಎತ್ತರದಲ್ಲಿ ಜೂನ್ ಬಂದ ಮೇಲೆಯೇ ನೀರು ಸರಿಯಾಗಿ ಇಳಿಯುವುದು. ಬೀಜ ಕಾಯುತ್ತದಾ? ಅದಕ್ಕೇ ಎಂಜಿನಿಯರ್ ಚೆವಾಂಗ್ ನೋರ್ಫೆಲ್ 1987ರಿಂದ ಹಳ್ಳಿಗಳ ಹತ್ತಿರವೇ ನೆರಳಿರುವ ಇಳಿಜಾರುಗಳಿಗೆ ಚಳಿಗಾಲದ ತೊರೆ ತಿರುಗಿಸಿ, ಕಲ್ಲಿನ ಒಡ್ಡು ಕಟ್ಟಿ ಹೆಪ್ಪುಗಟ್ಟಿಸಿದರು. ಸೋನಂ ವಾಂಗ್‌ಚುಕ್ ಅವರ ‘ಐಸ್ ಸ್ತೂಪ’ 2013–14ರ ಚಳಿಗಾಲದಲ್ಲಿ ಶುರುವಾಯಿತು. ಎತ್ತರದಿಂದ ಪೈಪಿನಲ್ಲಿ ಬಂದ ನೀರು ತನ್ನ ಒತ್ತಡದಿಂದಲೇ ಮೇಲಕ್ಕೆ ಚಿಮ್ಮುತ್ತದೆ, ಬೀಳುವಾಗ ಗಡ್ಡೆ ಕಟ್ಟುತ್ತದೆ. ಶಂಕುವಿನ ಆಕಾರಕ್ಕೆ ಬಿಸಿಲು ತಾಗುವ ಮೈ ಕಡಿಮೆ, ಹಾಗಾಗಿ ವಸಂತದವರೆಗೂ ಉಳಿಯುತ್ತದೆ. ಎರಡೂ ಜಾಣ ಕೆಲಸಗಳೇ. ಆದರೆ ಇವು ಹೊಸ ನೀರು ಹುಟ್ಟಿಸುವುದಿಲ್ಲ, ಜನವರಿಯ ನೀರನ್ನು ಏಪ್ರಿಲ್‌ಗೆ ಎತ್ತಿಡುತ್ತವೆ ಅಷ್ಟೆ. ಮೇಲಿನ ತೊರೆಯೇ ಸೊರಗಿದರೆ ಸ್ತೂಪಕ್ಕೆ ನೀರೆಲ್ಲಿ?

ಪ್ರಶ್ನೆ: 2035ಕ್ಕೆ ಹಿಮಾಲಯದ ಹಿಮನದಿಗಳೆಲ್ಲ ಮಾಯವಾಗಿ ಗಂಗೆ ಬತ್ತುತ್ತಾಳಂತೆ, ಹೌದಾ?

ಉತ್ತರ: ಇಲ್ಲ. ಆ 2035ರ ಮಾತು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2007ರ ವರದಿಯಲ್ಲಿ ನುಸುಳಿದ ತಪ್ಪು. 2010ರಲ್ಲಿ ಅವರೇ ಒಪ್ಪಿಕೊಂಡರು. ಆದರೂ ಆ ವರ್ಷ ಇನ್ನೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇದೆ.

ಗಂಗೆಯ ನೀರಿನಲ್ಲಿ ದೊಡ್ಡ ಪಾಲು ಮುಂಗಾರು ಮಳೆಯದು. ಗಂಗೋತ್ರಿ ಹಿಮನದಿ ಹಿಂದೆ ಸರಿಯುತ್ತಿರುವುದು ನಿಜ. ಅದರ ಬಿಸಿ ತಟ್ಟುವುದು ಮುಖ್ಯವಾಗಿ ಮಳೆಗೆ ಮುಂಚಿನ ತಿಂಗಳುಗಳಲ್ಲಿ, ಅದೂ ಬೆಟ್ಟದ ಹತ್ತಿರದ ಊರುಗಳಿಗೆ ಜಾಸ್ತಿ. ಸಿಂಧೂ ನದಿಯ ಕಥೆ ಬೇರೆ. ಅದರ ಬಯಲಿನಲ್ಲಿ ಮಳೆ ಕಡಿಮೆ. ಪಾಕಿಸ್ತಾನದ ಪಂಜಾಬ್, ಸಿಂಧ್ ಪ್ರಾಂತ್ಯಗಳ ಕಾಲುವೆಗಳು ಮೇಲಿನ ಹಿಮ ಮತ್ತು ಹಿಮನದಿಗಳನ್ನೇ ಬಹಳವಾಗಿ ನಂಬಿವೆ. ಚಿಂತೆ ಮಾಡುವುದಾದರೆ ನಾನು ಮೊದಲು ಸಿಂಧೂ ಬಗ್ಗೆ ಮಾಡುತ್ತೇನೆ.