ಹವ್ಯಾಸಿ ಪಾಡ್‌ಕಾಸ್ಟ್‌ನ ಜಾಲತಾಣ ಮುಚ್ಚಬೇಡಿ, ಚಿಕ್ಕದು ಮಾಡಿ

ನೀವು ಕೇಳಿರುವುದು ಇಷ್ಟು: ಹವ್ಯಾಸಕ್ಕೆಂದು ಪಾಡ್‌ಕಾಸ್ಟ್ ನಡೆಸುತ್ತಿದ್ದೀರಿ, ಮಾತನಾಡುವುದು ಇಷ್ಟ, ಆದರೆ ಸಂಕಲನ, ಫೀಡ್ (ಹೊಸ ಸಂಚಿಕೆಯ ಸುದ್ದಿಯನ್ನು ಆ್ಯಪ್‌ಗಳಿಗೆ ತಲುಪಿಸುವ ಕಡತ), ಜಾಲತಾಣದ ರಿಪೇರಿ ಇವುಗಳಲ್ಲೇ ಬಿಡುವಿನ ವೇಳೆಯೆಲ್ಲ ಕರಗಿ ಹೋಗುತ್ತಿದೆ. ಜಾಲತಾಣ ಮುಚ್ಚಿ ಎಲ್ಲವನ್ನೂ ಯಾವುದಾದರೂ ಉಚಿತ ವೇದಿಕೆಗೆ ಒಪ್ಪಿಸಿಬಿಡಬಹುದೇ?

ಒಪ್ಪಿಸಬೇಡಿ. ನಾನು ಆಕಾಶ ವೀಕ್ಷಣೆಯ ಬಗ್ಗೆ ಒಂದು ಪಾಡ್‌ಕಾಸ್ಟ್ ನಡೆಸುತ್ತೇನೆ. ಅದರಿಂದ ಹಣ ಬರುವುದಿಲ್ಲ, ಬರಲಿ ಎಂದು ಶುರು ಮಾಡಿದ್ದೂ ಅಲ್ಲ. ನೀವು ಹೇಳುವ ದಣಿವು ನನಗೆ ಚೆನ್ನಾಗಿ ಗೊತ್ತು. ಆದರೆ ಅದರಲ್ಲಿ ಎರಡು ಬಗೆಯಿದೆ. ಅವೆರಡನ್ನೂ ಒಂದೇ ಎಂದುಕೊಂಡರೆ, ಉಳಿಸಿಕೊಳ್ಳಬೇಕಾದದ್ದನ್ನು ಕೈಬಿಟ್ಟು, ಕೈಬಿಡಬೇಕಾದದ್ದನ್ನು ಹೊತ್ತುಕೊಂಡೇ ಇರುತ್ತೇವೆ.

ಮೊದಲನೆಯದು ಧ್ವನಿಯ ಕೆಲಸದ ದಣಿವು. ನಾನು ಒಂದು ಕಡೆ, ಅತಿಥಿ ಇನ್ನೊಂದು ಕಡೆ ಕುಳಿತು ಫೋನಿನಲ್ಲಿ ಮಾತನಾಡುತ್ತೇವೆ. ಇಬ್ಬರೂ ತಮ್ಮ ತಮ್ಮ ಯಂತ್ರದಲ್ಲಿ ತಮ್ಮ ದನಿಯನ್ನಷ್ಟೇ ಮುದ್ರಿಸಿಕೊಳ್ಳುತ್ತೇವೆ. ಕರೆಯನ್ನೇ ಮುದ್ರಿಸಿದರೆ ಸಂಪರ್ಕ ಸೊರಗಿದಾಗಲೆಲ್ಲ ದನಿ ಒಡೆಯುತ್ತದೆ, ಅದಕ್ಕೆ ಈ ಪದ್ಧತಿ. ಆರಂಭದಲ್ಲಿ ತಟ್ಟಿದ ಚಪ್ಪಾಳೆಯ ಗುರುತು ಹಿಡಿದು ಎರಡು ಕಡತಗಳನ್ನು ಹೊಂದಿಸಿದರೆ ಮೊದಲ ಹತ್ತು ನಿಮಿಷ ಕರಾರುವಾಕ್ಕಾಗಿ ಓಡುತ್ತವೆ. ಗಂಟೆಯ ಕೊನೆಗೆ ಬರುವಷ್ಟರಲ್ಲಿ ನನ್ನ ಪ್ರಶ್ನೆ ಮುಗಿಯುವ ಮೊದಲೇ ಅವರ ಉತ್ತರ ಶುರುವಾಗಿರುತ್ತದೆ. ಯಂತ್ರಗಳ ಒಳಗಿನ ಸ್ಫಟಿಕ ಗಡಿಯಾರಗಳು ಒಂದೇ ವೇಗದಲ್ಲಿ ನಡೆಯುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಹತ್ತು ಲಕ್ಷಕ್ಕೆ 50 ಪಾಲು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡು ಜಾರುತ್ತದೆ. ಲೆಕ್ಕದಲ್ಲಿ ಅದು ಏನೂ ಅಲ್ಲ. ಸಂಭಾಷಣೆಯಲ್ಲಿ ಮಾತ್ರ, ಎದುರಿನವರ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆಯೇ ಇಲ್ಲದ ಇಬ್ಬರು ಹರಟುತ್ತಿರುವಂತೆ ಕೇಳಿಸುತ್ತದೆ. ಆಗ ಮೌನವಿರುವ ಜಾಗಗಳನ್ನು ಹುಡುಕಿ, ಅಲ್ಲಲ್ಲಿ ಕತ್ತರಿಸಿ, ಚೂರುಚೂರೇ ಸರಿಸುತ್ತಾ ಹೋಗಬೇಕು.

ಬೇಸರದ ಕೆಲಸವೇ. ಆದರೂ ನಾನು ಇದನ್ನು ದೂರುವುದಿಲ್ಲ, ಏಕೆಂದರೆ ಇಲ್ಲಿ ದೋಷ ಕಿವಿಗೆ ಬೀಳುತ್ತದೆ, ತಿದ್ದಿದ್ದೂ ಕಿವಿಗೆ ಬೀಳುತ್ತದೆ. ಕೋಣೆಯ ಮಾರ್ದನಿ ಕಡಿಮೆ ಮಾಡುವುದು, ಮೈಕಿನಿಂದ ಎಷ್ಟು ದೂರ ಕೂರಬೇಕೆಂದು ತಿಳಿಯುವುದು, ಇಬ್ಬರ ದನಿಯ ಮಟ್ಟವನ್ನು ಸಮ ಮಾಡಿ ಒಟ್ಟು ಸಂಚಿಕೆಯನ್ನು ಆ್ಯಪಲ್ ಸೂಚಿಸುವ ಮೈನಸ್ 16 ಎಲ್‌ಯುಎಫ್‌ಎಸ್ (ದನಿ ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಅಳತೆ) ಆಸುಪಾಸಿಗೆ ತರುವುದು, ಇವೆಲ್ಲ ಕೈಗೆ ಹತ್ತುವ ಕಸುಬು. ಮುಂದಿನ ಸಂಚಿಕೆಗೆ ಈ ಶ್ರಮದಲ್ಲಿ ಒಂದಿಷ್ಟು ಉಳಿತಾಯವಾಗುತ್ತದೆ. ಈ ದಣಿವನ್ನು ಇಟ್ಟುಕೊಳ್ಳಿ.

ಎರಡನೆಯದು ತಾಣದ ದಣಿವು. ಇದರ ಕೆಡುಕು ಬೇರೆ: ಇಲ್ಲಿ ಏನೇ ಕೆಟ್ಟರೂ ಸದ್ದಾಗುವುದಿಲ್ಲ.

ಪಾಡ್‌ಕಾಸ್ಟ್ ಎಂದರೆ ತಾಂತ್ರಿಕವಾಗಿ ಫೀಡ್ ಎಂಬ ಒಂದು ಪಠ್ಯ ಕಡತ, ಅಷ್ಟೆ. 2000ರ ಡಿಸೆಂಬರಿನಲ್ಲಿ ತಂತ್ರಾಂಶಕಾರ ಡೇವ್ ವೈನರ್, ಫೀಡ್ ಬರೆಯುವ ಮಾದರಿಯಾದ ಆರ್‌ಎಸ್‌ಎಸ್‌ನ 0.92ನೇ ಆವೃತ್ತಿಗೆ ‘ಎನ್‌ಕ್ಲೋಷರ್’ ಎಂಬ ಅಂಶವನ್ನು ಸೇರಿಸಿದರು. ಧ್ವನಿಕಡತದ ವಿಳಾಸ, ಬೈಟ್‌ಗಳಲ್ಲಿ ಅದರ ಗಾತ್ರ, ಅದರ ಬಗೆ ಎಂಬ ಮೂರು ವಿವರಗಳು ಅದರಲ್ಲಿರುತ್ತವೆ. 2005ರ ಜೂನ್‌ನಲ್ಲಿ ಆ್ಯಪಲ್‌ನ ಸಂಗೀತ ತಂತ್ರಾಂಶ ಐಟ್ಯೂನ್ಸ್ 4.9 ಪಾಡ್‌ಕಾಸ್ಟ್‌ಗಳನ್ನು ಒಳಗೆ ಕರೆದುಕೊಂಡಿತು. ಆಮೇಲೆ ಏನೇನೋ ಸೇರಿಕೊಂಡಿದೆ, ಆದರೆ ತಳಪಾಯ ಇಂದಿಗೂ ಅದೇ. ಕೇಳುಗರ ಆ್ಯಪ್ ಆಗಾಗ ನಿಮ್ಮ ಫೀಡಿನ ವಿಳಾಸಕ್ಕೆ ಬಂದು, ಹೊಸದೇನಾದರೂ ಇದೆಯೇ ಎಂದು ನೋಡಿ ಹೋಗುತ್ತದೆ. ನನಗೆ ಈ ಸರಳತೆಯ ಮೇಲೆ ನಿಜವಾದ ಪ್ರೀತಿಯಿದೆ. ಯಾರ ಅಪ್ಪಣೆಯೂ ಬೇಕಿಲ್ಲದೆ ಒಬ್ಬ ವ್ಯಕ್ತಿ ಜಗತ್ತಿನ ಯಾವ ಕೇಳುಗನನ್ನಾದರೂ ತಲುಪಬಹುದಾದ ದಾರಿಗಳು ಅಂತರಜಾಲದಲ್ಲಿ ಹೆಚ್ಚೇನೂ ಉಳಿದಿಲ್ಲ.

ಆದರೆ ಆ ಕಡತ ಬಹಳ ನಾಜೂಕು. ನನ್ನ ಒಬ್ಬ ಅತಿಥಿಯ ಸಂಸ್ಥೆಯ ಹೆಸರಿನಲ್ಲಿ ಆಂಪರ್ಸಂಡ್ ಇತ್ತು, ಇಂಗ್ಲಿಷಿನಲ್ಲಿ ‘ಮತ್ತು’ ಎನ್ನುವುದಕ್ಕೆ ಬಳಸುವ ಆ ಸುರುಳಿ ಚಿಹ್ನೆ. ಫೀಡನ್ನು ಬರೆಯುವ ಎಕ್ಸ್‌ಎಂಎಲ್ ಎಂಬ ಗುರುತುಭಾಷೆಯಲ್ಲಿ ಆ ಚಿಹ್ನೆಗೆ ಬೇರೆಯೇ ಕೆಲಸವಿದೆ. ಅದನ್ನು ಸಂಕೇತವಾಗಿ ಬದಲಿಸಿಯೇ ಬರೆಯಬೇಕು. ಫೀಡ್ ತಯಾರಿಸಲು ಜಾಲತಾಣಕ್ಕೆ ಜೋಡಿಸಿದ್ದ ಪ್ಲಗಿನ್ ಎಂಬ ಚಿಕ್ಕ ತಂತ್ರಾಂಶ ಮೊದಲು ತಾನೇ ಬದಲಿಸುತ್ತಿತ್ತು, ಹೊಸ ಆವೃತ್ತಿಯಲ್ಲಿ ಬದಲಿಸುವುದನ್ನು ನಿಲ್ಲಿಸಿಬಿಟ್ಟಿತ್ತು. ಎಕ್ಸ್‌ಎಂಎಲ್‌ನ ನಿಯಮ ಕಟ್ಟುನಿಟ್ಟು: ಒಂದು ಅಕ್ಷರ ತಪ್ಪಿದರೆ ಇಡೀ ಕಡತ ಅಸಿಂಧು. ಆ ಒಂದು ಸಂಚಿಕೆಯಲ್ಲ, ಇಡೀ ಪಾಡ್‌ಕಾಸ್ಟೇ ನಿಂತುಹೋಯಿತು. ಜಾಲತಾಣ ತೆರೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಕೇಳುಗರ ಮೊಬೈಲಿನಲ್ಲೂ ಯಾವ ಎಚ್ಚರಿಕೆಯೂ ಇಲ್ಲ; ಹೊಸ ಸಂಚಿಕೆ ಬರಲಿಲ್ಲ, ಅಷ್ಟೆ. ಈ ಬಾರಿ ತಡವಾಗಿರಬೇಕು ಎಂದು ಅವರು ಸುಮ್ಮನಿದ್ದರು. ಜನ ಏಕೋ ಕೇಳುತ್ತಿಲ್ಲ ಎಂದು ನಾನು ಮಂಕಾಗಿ ಕುಳಿತಿದ್ದೆ. ಅದೃಷ್ಟಕ್ಕೆ ಒಬ್ಬ ಕೇಳುಗರು ‘ಸಂಚಿಕೆ ಇನ್ನೂ ಬಂದಿಲ್ಲವಲ್ಲ’ ಎಂದು ಬರೆದರು.

ಇಂಥವು ಇನ್ನೂ ಇವೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಭದ್ರತಾ ಪ್ರಮಾಣಪತ್ರದ ಆಯಸ್ಸು ಹೆಚ್ಚೆಂದರೆ 90 ದಿನ. ತಾನಾಗಿ ನವೀಕರಣವಾಗುವ ವ್ಯವಸ್ಥೆ ಕೆಟ್ಟು ಆ ಅವಧಿ ಮುಗಿದರೆ ಆ್ಯಪ್‌ಗಳು ಫೀಡನ್ನು ಮುಟ್ಟುವುದಿಲ್ಲ. ಕಡತವನ್ನು ತುಂಡುತುಂಡಾಗಿ ಕೊಡಲು ಬಾರದ ಸರ್ವರ್‌ನಲ್ಲಿ ಧ್ವನಿಯನ್ನಿಟ್ಟರೆ ಕೆಲವರಿಗೆ ಸಂಚಿಕೆಯ ನಡುಭಾಗಕ್ಕೆ ಜಿಗಿಯಲು ಆಗುವುದಿಲ್ಲ. ಮುಖಚಿತ್ರ 1400ರಿಂದ 3000 ಪಿಕ್ಸೆಲ್‌ಗಳ ನಡುವಿನ ಚೌಕವಲ್ಲದಿದ್ದರೆ ಆ್ಯಪಲ್‌ನ ಪಟ್ಟಿಯಲ್ಲಿ ತೊಡಕು. ಇದರ ಮೇಲೆ ಸ್ಪ್ಯಾಮ್, ಪ್ಲಗಿನ್‌ಗಳ ಜಗಳ, ನವೀಕರಿಸಿದರೆ ಮುರಿಯುವ ಥೀಮ್ (ತಾಣದ ರೂಪ ನಿರ್ಧರಿಸುವ ಸಿದ್ಧ ವಿನ್ಯಾಸ), ನವೀಕರಿಸದಿದ್ದರೆ ನುಗ್ಗುವ ಕನ್ನಗಾರರು. ಇವುಗಳಲ್ಲಿ ಒಂದನ್ನು ಬಗೆಹರಿಸಿದ್ದರಿಂದಲೂ ನನ್ನ ಸಂಚಿಕೆ ಕೂದಲೆಳೆಯಷ್ಟೂ ಚೆನ್ನಾಗಲಿಲ್ಲ. ನಿಮ್ಮನ್ನು ಹಿಂಡುತ್ತಿರುವುದು ಬಹುಶಃ ಇದೇ.

ಹಾಗಾದರೆ ಉಚಿತ ವೇದಿಕೆ ಏಕೆ ಬೇಡ? ಸ್ಟಿಚರ್ 2023ರ ಆಗಸ್ಟ್‌ನಲ್ಲಿ ಮುಚ್ಚಿತು, ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿತು. ಅವು ಕೇಳುವ ಆ್ಯಪ್‌ಗಳಾಗಿದ್ದವು. ಫೀಡ್ ತನ್ನ ಕೈಯಲ್ಲಿದ್ದವರಿಗೆ ದೊಡ್ಡ ನಷ್ಟವಾಗಲಿಲ್ಲ, ಕೇಳುಗರು ಬೇರೆ ಆ್ಯಪ್‌ಗೆ ಹೋಗಿ ಅದೇ ಫೀಡನ್ನು ಹಿಡಿದುಕೊಂಡರು. ನನ್ನ ಪರಿಚಿತರೊಬ್ಬರ ಕಥೆ ಹಾಗಲ್ಲ. ಅವರ ಫೀಡಿನ ವಿಳಾಸವೇ ಕಡತಗಳನ್ನು ಇಟ್ಟುಕೊಡುವ ಒಂದು ಉಚಿತ ಹೋಸ್ಟಿಂಗ್ ಸೇವೆಯ ಡೊಮೇನಿನಲ್ಲಿ, ಅಂದರೆ ಆ ಸೇವೆಯ ಜಾಲವಿಳಾಸದಡಿ, ಇತ್ತು. ಸೇವೆ ನಿಂತಿತು, ವಿಳಾಸ ಸತ್ತಿತು. ಧ್ವನಿಕಡತಗಳೆಲ್ಲ ಅವರ ಬಳಿ ಭದ್ರವಾಗಿದ್ದವು, ಆದರೆ ವರ್ಷಗಳಿಂದ ಸೇರಿದ್ದ ಕೇಳುಗರಿಗೆ ‘ನಾವು ಇಲ್ಲಿಗೆ ಬಂದಿದ್ದೇವೆ’ ಎಂದು ಹೇಳುವ ದಾರಿಯೇ ಇರಲಿಲ್ಲ. ಅವರು ಮತ್ತೆ ಶುರು ಮಾಡಲಿಲ್ಲ. ಬಹಳ ಒಳ್ಳೆಯ ಪಾಡ್‌ಕಾಸ್ಟ್ ಅದು, ಈಗಲೂ ನೆನೆದರೆ ನೋವಾಗುತ್ತದೆ. ಧ್ವನಿಯನ್ನು ಯಾರ ಸರ್ವರ್‌ನಲ್ಲಿ ಬೇಕಾದರೂ ಇಡಿ. ಡೊಮೇನ್ ಮತ್ತು ಫೀಡಿನ ವಿಳಾಸ ಮಾತ್ರ ನಿಮ್ಮ ಹೆಸರಿನಲ್ಲೇ ಇರಲಿ.

ಇವೆರಡನ್ನು ಇಟ್ಟುಕೊಂಡು ಮಿಕ್ಕದ್ದನ್ನು ಕಡಿಯಬಹುದು. ನಾನು ದತ್ತಾಂಶಕೋಶ, ಪ್ಲಗಿನ್, ಥೀಮ್ ಎಲ್ಲವನ್ನೂ ತೆಗೆದುಹಾಕಿ ಬರಿಯ ಸ್ಥಿರ ಪುಟಗಳಿಗೆ ಬಂದೆ. ಒಂದು ಮುಖಪುಟ, ಸಂಚಿಕೆಗೊಂದು ಪುಟ, ಒಂದು ಫೀಡ್ ಕಡತ, ಒಂದು ಇಮೇಲ್ ವಿಳಾಸ. ಪುಟಗಳನ್ನೂ ಫೀಡನ್ನೂ ನನ್ನ ಕಂಪ್ಯೂಟರಿನಲ್ಲೇ ಒಂದು ಚಿಕ್ಕ ತಂತ್ರಾಂಶ ತಯಾರಿಸುತ್ತದೆ. ಫೀಡನ್ನು ಪರೀಕ್ಷಿಸಿದ ಮೇಲೆಯೇ ಮೇಲೇರಿಸುತ್ತೇನೆ. ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ ಇಲ್ಲವಾದ್ದರಿಂದ ಕೆಡುವುದಕ್ಕೂ ಹೆಚ್ಚೇನೂ ಇಲ್ಲ. ಮಾತಿನ ಸಂಚಿಕೆಗೆ 64 ಕೆಬಿಪಿಎಸ್‌ನ ಮೋನೊ ಎಂಪಿ3 ಸಾಕು, ಗಂಟೆಗೆ ಸುಮಾರು 29 ಎಂಬಿ. ಮೂಲ ವೇವ್ ಕಡತವನ್ನು (ದನಿಯನ್ನು ಕುಗ್ಗಿಸದೆ ಪೂರ್ತಿಯಾಗಿ ಇಟ್ಟಿರುವುದು) ಮಾತ್ರ ಎರಡು ಕಡೆ ಬ್ಯಾಕಪ್ ಮಾಡಿಡಿ. ಎಂಪಿ3ಯನ್ನು ಬಿಚ್ಚಿ ಮತ್ತೆ ಎಂಪಿ3 ಮಾಡಿದಾಗಲೆಲ್ಲ ದನಿ ಸವೆಯುತ್ತದೆ.

ಸಂಚಿಕೆಗೊಂದು ಪುಟ ಎಂಬುದನ್ನು ಮಾತ್ರ ಕಡಿಯಬೇಡಿ. ದನಿಯೊಳಗೆ ಹುಡುಕುವುದು ಕಷ್ಟ, ಪುಟದಲ್ಲಿ ಬರೆದದ್ದು ಹುಡುಕಿದವರ ಕೈಗೆ ಸಿಗುತ್ತದೆ. ದೂರದರ್ಶಕ ಕಟ್ಟುವ ಹಿರಿಯರೊಬ್ಬರು ಹಳೆಯದೊಂದು ಸಂಚಿಕೆಯಲ್ಲಿ ಅದರ ದರ್ಪಣವನ್ನು ತೊಳೆಯುವ ಕ್ರಮ ವಿವರಿಸಿದ್ದರು: ಒಣಗಿದ ದೂಳನ್ನು ಎಂದೂ ಬಟ್ಟೆಯಿಂದ ಉಜ್ಜಬಾರದು, ಮೊದಲು ನೀರು ಹರಿಸಬೇಕು, ಕೊನೆಯ ಜಾಲಾಡಿಕೆ ಬಟ್ಟಿ ಇಳಿಸಿದ ನೀರಿನಲ್ಲಿ. ಅದರ ಸಾರಾಂಶವನ್ನು ಪುಟದಲ್ಲಿ ಬರೆದಿದ್ದೆ. ಸಂಚಿಕೆಯನ್ನು ನಾನೇ ಹೆಚ್ಚುಕಡಿಮೆ ಮರೆತಿದ್ದಾಗ, ದರ್ಪಣವನ್ನು ಕೈಯಲ್ಲಿ ಹಿಡಿದುಕೊಂಡು ಹೆದರಿ ಕುಳಿತಿದ್ದ ಒಬ್ಬ ಹುಡುಗಿ ಆ ಪುಟವನ್ನು ಓದಿ, ಆಮೇಲೆ ಸಂಚಿಕೆ ಕೇಳಿ, ಹಾಗೆಯೇ ತೊಳೆದು, ಆ ರಾತ್ರಿ ಶನಿಯ ಬಳೆಗಳನ್ನು ನೋಡಿದೆ ಎಂದು ಬರೆದಳು. ಆ ಹಿರಿಯರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಅದೇ ಮಾತನಾಡಿದರು.

ಅಂಕಿಅಂಶದ ವಿಷಯ ನೀವು ಕೇಳಿಲ್ಲ, ಆದರೆ ಇದೂ ಅದೇ ದಣಿವಿನ ಪಾಲು. ಡೌನ್‌ಲೋಡ್ ಎಂದರೆ ಕೇಳುವುದಲ್ಲ. 2023ರ ಸೆಪ್ಟೆಂಬರಿನಲ್ಲಿ ಬಂದ ಐಒಎಸ್ 17ರಲ್ಲಿ ಆ್ಯಪಲ್ ತನ್ನ ಆ್ಯಪ್ ತಾನಾಗಿ ಸಂಚಿಕೆ ಇಳಿಸಿಕೊಳ್ಳುವ ರೀತಿಯನ್ನು ಬದಲಿಸಿತು. ಅನೇಕ ಪಾಡ್‌ಕಾಸ್ಟ್‌ಗಳ ಅಂಕಿ ಕುಸಿಯಿತು. ಕೇಳುವವರು ಅಷ್ಟೇ ಇದ್ದರು, ಯಾರೂ ಕೇಳದೆ ಮೊಬೈಲಿನಲ್ಲಿ ಬಂದು ಬೀಳುತ್ತಿದ್ದ ಕಡತಗಳು ಕಡಿಮೆಯಾದವು. ಇಂಥ ಅಂಕಿಯನ್ನು ದಿನಾ ನೋಡಿ ಕೊರಗುವುದರಲ್ಲಿ ಅರ್ಥವಿಲ್ಲ. ನಾನು ನೋಡುವುದನ್ನೇ ಬಿಟ್ಟಿದ್ದೇನೆ. ಪತ್ರ ಬಂದರೆ ಓದುತ್ತೇನೆ, ಉತ್ತರಿಸುತ್ತೇನೆ.

ಈಗಿನ ಫೀಡ್ ನಿಮ್ಮ ಡೊಮೇನಿನಲ್ಲಿ ಇಲ್ಲದಿದ್ದರೆ, ಹಳೆಯ ಸೇವೆ ಇನ್ನೂ ಜೀವಂತವಿರುವಾಗಲೇ ಸ್ಥಳಾಂತರಿಸಿ. ಹಳೆಯ ವಿಳಾಸದಿಂದ ಹೊಸದಕ್ಕೆ, ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂದು ಆ್ಯಪ್‌ಗಳಿಗೆ ತಿಳಿಸುವ 301 ಮರುನಿರ್ದೇಶನ ಹಾಕಿಸಿ, ಫೀಡಿನೊಳಗೆ ಹೊಸ ವಿಳಾಸ ಹೇಳುವ ಐಟ್ಯೂನ್ಸ್ ಟ್ಯಾಗನ್ನೂ ಸೇರಿಸಿ. ಪ್ರತಿ ಸಂಚಿಕೆಯ ‘ಜಿಯುಐಡಿ’ ಎಂಬ ಗುರುತು ಹಳೆಯದರಲ್ಲಿ ಹೇಗಿತ್ತೋ ಅಕ್ಷರಶಃ ಹಾಗೆಯೇ ಇರಲಿ. ಅದು ಬದಲಾದರೆ ಆ್ಯಪ್‌ಗಳು ಹಳೆಯ ಸಂಚಿಕೆಗಳನ್ನೆಲ್ಲ ಹೊಸದೆಂದು ತಿಳಿದು ಕೇಳುಗರ ಮೊಬೈಲಿಗೆ ಮತ್ತೆ ಸುರಿಯುತ್ತವೆ. ಮರುನಿರ್ದೇಶನವನ್ನು ಕನಿಷ್ಠ ನಾಲ್ಕು ವಾರ ಇಡಬೇಕೆಂದು ಆ್ಯಪಲ್ ಹೇಳುತ್ತದೆ, ನಾನು ಅದಕ್ಕಿಂತ ಬಹಳ ಹೆಚ್ಚು ಕಾಲ ಇಡಿ ಎನ್ನುತ್ತೇನೆ, ಏಕೆಂದರೆ ವರ್ಷಕ್ಕೊಮ್ಮೆ ಆ್ಯಪ್ ತೆರೆಯುವ ಕೇಳುಗರೂ ಇದ್ದಾರೆ. ಮುಗಿದ ಮೇಲೆ ನಿಮ್ಮದಲ್ಲದ ಒಂದು ಮೊಬೈಲಿನಲ್ಲಿ ನಿಮ್ಮ ಪಾಡ್‌ಕಾಸ್ಟಿಗೆ ಚಂದಾದಾರರಾಗಿ, ಮುಂದಿನ ಸಂಚಿಕೆ ಅಲ್ಲಿಗೆ ಬಂದು ತಲುಪುತ್ತದೆಯೇ ನೋಡಿಕೊಳ್ಳಿ.